ಚರ್ಚಿನ ನೇವ್, ನಮ್ಮ ನಾವೆ: ಒಂದು ಪದದ ಮೂಲ ಹುಡುಕೋದು ಹೇಗೆ

ಮನೆಗೆ ಬಂದ ನೆಂಟರನ್ನು ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ಗೆ ಕರೆದುಕೊಂಡು ಹೋದಾಗ ನಾನೊಮ್ಮೆ ದೊಡ್ಡ ಪಂಡಿತನ ಹಾಗೆ ಮಾತಾಡಿ ಸಿಕ್ಕಿಬಿದ್ದೆ. ಬಾಗಿಲು ದಾಟಿದ ತಕ್ಷಣ ಎದುರಿಗೆ ಉದ್ದಕ್ಕೆ ಚಾಚಿಕೊಂಡಿರುವ ಹಜಾರ ಇದೆಯಲ್ಲ, ಅದನ್ನು ಇಂಗ್ಲಿಷ್‌ನಲ್ಲಿ ನೇವ್ ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಅಷ್ಟಕ್ಕೆ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. "ನಮ್ಮ ದೇವಸ್ಥಾನಗಳಲ್ಲಿ ನವರಂಗ ಇರುತ್ತಲ್ಲ, ಅದೇ ಪದ ಕಣ್ರೀ ಇದು. ನವ, ನೇವ್" ಅಂದೆ. ಎಲ್ಲರೂ ತಲೆಯಾಡಿಸಿದರು. ಪಿಯುಸಿ ಓದುತ್ತಿದ್ದ ಅಕ್ಕನ ಮಗಳು ಮಾತ್ರ, "ನವ ಅಂದ್ರೆ ಒಂಬತ್ತು ಅಲ್ವಾ ಮಾಮ? ಇಲ್ಲಿ ಒಂಬತ್ತು ಏನಿದೆ?" ಅಂದಳು. ಮರ್ಯಾದೆ ಉಳಿಸಿಕೊಳ್ಳಲು ನಾನು ಕಂಬ ಎಣಿಸತೊಡಗಿದೆ. ಹೇಗೆ ಎಣಿಸಿದರೂ ಒಂಬತ್ತು ಬರಲಿಲ್ಲ.

ಮನೆಗೆ ಬಂದು ನಿಘಂಟು ತೆಗೆದಾಗ ಗೊತ್ತಾಯಿತು. ನೇವ್‌ಗೆ ಕನ್ನಡದಲ್ಲಿ ನೆಂಟರು ಇರುವುದು ನಿಜ, ನಾನು ತಪ್ಪು ಮನೆಗೆ ಹೋಗಿ ನೆಂಟಸ್ತನ ಹೇಳಿದ್ದೆ ಅಷ್ಟೇ. ಅದರ ನೆಂಟ ನವರಂಗ ಅಲ್ಲ, ನಾವೆ. ಬೈಬಲ್ಲಿನ ಪ್ರಳಯದ ಕಥೆಯಲ್ಲಿ ನೋಹನ ನಾವೆ ಅನ್ನುತ್ತೇವಲ್ಲ, ಆ ನಾವೆ. ಇದು ನನ್ನ ಊಹೆ ಅಲ್ಲ, ಹೆಜ್ಜೆ ಹೆಜ್ಜೆಗೂ ಸಾಕ್ಷಿ ಇದೆ. ಆ ಹೆಜ್ಜೆಗಳನ್ನು ನೀವೇ ಇಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಇದೇ ದಾರಿ ಹಿಡಿದರೆ ಚರ್ಚಿನ ಬೇರೆ ಪದಗಳನ್ನೂ ಬಿಡಿಸಬಹುದು.

ಮೊದಲು ಜಾಗ ನೋಡಿ, ಆಮೇಲೆ ಪದ

ಪದದ ಮೂಲ ಬೇಕು ಅಂದ ಕೂಡಲೇ ನಾವೆಲ್ಲ ನಿಘಂಟಿಗೆ ಓಡುತ್ತೇವೆ. ಆ ಪದ ಯಾವುದಕ್ಕೆ ಹೆಸರು ಅನ್ನುವುದೇ ಸರಿಯಾಗಿ ತಿಳಿಯದೆ ಮೂಲ ಹುಡುಕಿದರೆ ನನ್ನ ಹಾಗೆ ಕಂಬ ಎಣಿಸಬೇಕಾಗುತ್ತದೆ. ಅದಕ್ಕೆ ಮೊದಲು ಹತ್ತಿರದ ಒಂದು ಹಳೆಯ ಚರ್ಚ್‌ಗೆ ಹೋಗಿ. ಪೂಜೆ ಪ್ರಾರ್ಥನೆ ನಡೆಯುವ ಹೊತ್ತು ಬೇಡ, ಖಾಲಿ ಇರುವಾಗ ಹೋಗಿ.

ದೊಡ್ಡ ಬಾಗಿಲಲ್ಲಿ ನಿಂತುಕೊಳ್ಳಿ. ಬಾಗಿಲಿನ ಪಕ್ಕದಲ್ಲೇ ಪಡಸಾಲೆ ತರಹ ಒಂದು ಚಿಕ್ಕ ಜಾಗ ಇದ್ದರೆ ಅದು ನಾರ್ಥೆಕ್ಸ್. ಅದನ್ನು ದಾಟಿ ಮುಂದೆ ನೋಡಿದರೆ ಜನ ಕೂರುವ ಬೆಂಚುಗಳ ಸಾಲು, ಅದು ನೇವ್. ಎಡಕ್ಕೂ ಬಲಕ್ಕೂ ಕಂಬಗಳ ಸಾಲಿದ್ದರೆ, ಆ ಕಂಬಗಳ ಆಚೆ ಗೋಡೆಯ ಪಕ್ಕಕ್ಕೆ ಉದ್ದಕ್ಕೂ ಓಡುವ ಇಕ್ಕಟ್ಟಿನ ಓಣಿಗಳು ಐಲ್. ಎದುರಿಗೆ ತುದಿಯಲ್ಲಿ ಮೆಟ್ಟಿಲು ಹತ್ತಿ ಬಲಿಪೀಠ ಇರುವ ಭಾಗ ಚಾನ್ಸೆಲ್. ಕಟ್ಟಡವೇ ಶಿಲುಬೆಯ ಆಕಾರದಲ್ಲಿದ್ದರೆ ಅದರ ಎರಡು ತೋಳುಗಳು ಟ್ರಾನ್ಸೆಪ್ಟ್. ಫಿಲೋಮಿನಾ ಚರ್ಚ್ ಹೀಗೇ ಶಿಲುಬೆಯ ಆಕಾರದ್ದು, ಶಿಲುಬೆಯ ಉದ್ದನೆಯ ಕಾಲೇ ಅಲ್ಲಿನ ನೇವ್.

ಈಗ ತಲೆ ಎತ್ತಿ ಮೇಲೆ ನೋಡಿ. ಇದನ್ನು ಜಾಸ್ತಿ ಜನ ಮಾಡುವುದಿಲ್ಲ. ದೊಡ್ಡ ಚರ್ಚ್‌ಗಳಲ್ಲಿ ನಡುವಿನ ಚಾವಣಿ ಪಕ್ಕದ ಓಣಿಗಳ ಚಾವಣಿಗಿಂತ ಎತ್ತರಕ್ಕೆ ಹೋಗಿರುತ್ತದೆ, ಆ ಎತ್ತರದ ಗೋಡೆಯಲ್ಲಿ ಸಾಲಾಗಿ ಕಿಟಕಿಗಳಿರುತ್ತವೆ. ಕಾರಣ ಸರಳ. ಎರಡು ಪಕ್ಕದಲ್ಲೂ ಓಣಿ ಕಟ್ಟಿದರೆ ನಡುವೆ ಕತ್ತಲಾಗುತ್ತದೆ, ಬೆಳಕು ಮೇಲಿಂದಲೇ ಬರಬೇಕು. ಈ ಉಪಾಯ ಚರ್ಚಿನದ್ದಲ್ಲ, ರೋಮನ್ನರಿಂದ ಬಂದದ್ದು. ಅವರ ಬಸಿಲಿಕಾ ಅನ್ನುವ ಕಟ್ಟಡಗಳಲ್ಲಿ ಕೋರ್ಟು ನಡೆಯುತ್ತಿತ್ತು, ವ್ಯಾಪಾರದ ಮಾತುಕತೆ ನಡೆಯುತ್ತಿತ್ತು. 4ನೇ ಶತಮಾನದಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ದೊಡ್ಡ ಕಟ್ಟಡ ಕಟ್ಟುವ ಅವಕಾಶ ಸಿಕ್ಕಾಗ ಅವರು ದೇವಾಲಯದ ಮಾದರಿ ಬಿಟ್ಟು ಈ ಕೋರ್ಟ್ ಹಾಲ್ ಮಾದರಿಯನ್ನು ತೆಗೆದುಕೊಂಡರು. ಜನ ಒಳಗೆ ಸೇರಬೇಕಿತ್ತಲ್ಲ, ಅದಕ್ಕೆ. ರೋಮ್‌ನಲ್ಲಿ 422ರಿಂದ 432ರ ನಡುವೆ ಕಟ್ಟಿದ ಸಾಂತಾ ಸಬೀನಾ ಇನ್ನೂ ನಿಂತಿದೆ. 24 ಕಂಬ, ನಡುವೆ ಉದ್ದನೆಯ ಹಜಾರ, ಮೇಲೆ ಕಿಟಕಿಗಳ ಸಾಲು. ನೇವ್ ಅಂದರೆ ಏನು ಅಂತ ಒಂದೇ ನೋಟಕ್ಕೆ ತಿಳಿಯಬೇಕಾದರೆ ಅದರ ಒಂದು ಫೋಟೋ ಸಾಕು.

ಕಂಬ ಇಲ್ಲದ ಚಿಕ್ಕ ಚರ್ಚ್ ಆದರೆ? ಆಗ ಜನ ಕೂರುವ ಇಡೀ ಹಾಲೇ ನೇವ್. ಕಂಬ ಮುಖ್ಯ ಅಲ್ಲ, ಅಲ್ಲಿ ಯಾರು ಇರುತ್ತಾರೆ ಅನ್ನುವುದು ಮುಖ್ಯ. ಪಾದ್ರಿಯ ಜಾಗ ಚಾನ್ಸೆಲ್, ಜನರ ಜಾಗ ನೇವ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಗೆರೆ ಎಷ್ಟು ಗಟ್ಟಿಯಾಗಿತ್ತು ಅಂದರೆ ಚಾನ್ಸೆಲ್ ಸೋರಿದರೆ ರಿಪೇರಿ ಖರ್ಚು ಚರ್ಚಿನ ಆದಾಯ ಪಡೆಯುವ ರೆಕ್ಟರ್‌ದು, ನೇವ್ ಸೋರಿದರೆ ಊರಿನವರದ್ದು. ಊರಿನವರು ಬರೀ ಪ್ರಾರ್ಥನೆಗಲ್ಲ, ಸಭೆ ಪಂಚಾಯಿತಿಗೂ ಅದೇ ಜಾಗ ಬಳಸುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪದದ ಬಾಲ ಹಿಡಿದು ಹಿಂದಕ್ಕೆ ಹೋಗಿ

ಈಗ ನಿಘಂಟು ತೆಗೆಯಬಹುದು. ಮೂಲ ಹೇಳುವ ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಎರಡು ವಿಷಯ ನೋಡಬೇಕು. ಆ ಪದ ಮೊದಲು ಯಾವಾಗ ಬರಹದಲ್ಲಿ ಸಿಕ್ಕಿತು? ಅದಕ್ಕೆ ಮುಂಚೆ ಜನ ಅದೇ ವಸ್ತುವನ್ನು ಏನೆಂದು ಕರೆಯುತ್ತಿದ್ದರು?

ನೇವ್ ಇಂಗ್ಲಿಷ್‌ಗೆ ಬಂದಿದ್ದು 17ನೇ ಶತಮಾನದಲ್ಲಿ. ನನಗಂತೂ ಇದು ಆಶ್ಚರ್ಯ. ಇಂಗ್ಲೆಂಡಿನ ದೊಡ್ಡ ದೊಡ್ಡ ಕೆಥೆಡ್ರಲ್‌ಗಳೆಲ್ಲ ಅದಕ್ಕಿಂತ ನೂರಾರು ವರ್ಷ ಮೊದಲೇ ಎದ್ದು ನಿಂತಿದ್ದವು. ಕಟ್ಟಿದವರ ಬಾಯಲ್ಲಿ ಈ ಪದ ಇರಲಿಲ್ಲ. ಅವರು ಚರ್ಚಿನ ಮೈ ಅನ್ನುವ ಅರ್ಥದ ಮಾತನ್ನು ಬಳಸುತ್ತಿದ್ದರು. ಅಂದರೆ ಇಂಗ್ಲಿಷ್‌ನಲ್ಲಿ ನೇವ್ ಅನ್ನುವುದು ಓದಿದವರು ಹೊರಗಿಂದ ತಂದ ಪದ. ಇಟಾಲಿಯನ್ ಅಥವಾ ಸ್ಪ್ಯಾನಿಷ್‌ನ ನಾವೆ ಅನ್ನುವ ಪದದ ಮೂಲಕ ಬಂತು ಅನ್ನುತ್ತಾರೆ. ಹೌದು, ಅವರು ಅದನ್ನು ಹೆಚ್ಚೂ ಕಡಿಮೆ ನಮ್ಮ ಹಾಗೆಯೇ ನಾವೆ ಅಂತಲೇ ಉಚ್ಚರಿಸುತ್ತಾರೆ! ಅದರ ಹಿಂದೆ ಲ್ಯಾಟಿನ್‌ನ ನಾವಿಸ್ ಇದೆ. ನಾವಿಸ್ ಅಂದರೆ ಹಡಗು. ಮಧ್ಯಯುಗದ ಲ್ಯಾಟಿನ್‌ನಲ್ಲಿ ಚರ್ಚಿನ ನಡುಭಾಗಕ್ಕೂ ಇದೇ ಹೆಸರು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ. ಲ್ಯಾಟಿನ್‌ನಲ್ಲಿ ಹಡಗು ಅನ್ನುವ ಪದ ಇದೆ, ಚರ್ಚಿನ ಭಾಗಕ್ಕೂ ಅದೇ ಶಬ್ದ ಇದೆ, ಸರಿ. ಆದರೆ ಜನ ನಿಜವಾಗಿ ಹಡಗು ಅಂದುಕೊಂಡೇ ಹಾಗೆ ಕರೆದರಾ, ಅಥವಾ ಎರಡು ಬೇರೆ ಪದಗಳು ಒಂದೇ ರೀತಿ ಕೇಳಿಸುತ್ತವಾ? ಕನ್ನಡದಲ್ಲೇ ನೋಡಿ, ಕಾಡು ಅಂದರೆ ಅರಣ್ಯ, ಕಾಡು ಅಂದರೆ ಪೀಡಿಸು. ಒಂದೇ ಶಬ್ದ ಅಂದಮಾತ್ರಕ್ಕೆ ಒಂದೇ ಪದ ಆಗಿಬಿಡುವುದಿಲ್ಲ.

ಪಕ್ಕದ ಮನೆಯ ಭಾಷೆಯನ್ನು ಕೇಳಿ

ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಲ್ಯಾಟಿನ್‌ಗೆ ಹುಟ್ಟದ ಭಾಷೆಗಳು ಅದೇ ಜಾಗವನ್ನು ಏನೆಂದು ಕರೆಯುತ್ತವೆ ಅಂತ ನೋಡಿ. ಫ್ರೆಂಚ್‌ನ ನೆಫ್, ಇಟಾಲಿಯನ್‌ನ ನಾವಾತಾ, ಪೋರ್ಚುಗೀಸ್‌ನ ನಾವ್ ಎಲ್ಲ ಲ್ಯಾಟಿನ್ನಿನ ಮಕ್ಕಳು, ಅವುಗಳ ಸಾಕ್ಷಿ ಇಲ್ಲಿ ಅಷ್ಟು ತೂಗುವುದಿಲ್ಲ. ಜರ್ಮನ್ ನೋಡಿ. ಜರ್ಮನ್‌ನಲ್ಲಿ ಹಡಗಿಗೆ ಶಿಫ್. ಚರ್ಚಿನ ನೇವ್‌ಗೂ ಶಿಫ್! ನಡುವಿನ ಹಜಾರ ಮಿಟೆಲ್‌ಶಿಫ್, ಅಂದರೆ ನಡುಹಡಗು. ಪಕ್ಕದ ಓಣಿ ಜೈಟೆನ್‌ಶಿಫ್, ಪಕ್ಕದ ಹಡಗು. ಡಚ್ಚರು ಸ್ಖಿಪ್ ಅನ್ನುತ್ತಾರೆ, ಸ್ವೀಡನ್ನಿನವರು ಶೆಪ್ ಅನ್ನುತ್ತಾರೆ, ಎಲ್ಲವೂ ಹಡಗೇ. ಇವರು ಯಾರೂ ಲ್ಯಾಟಿನ್ ಶಬ್ದವನ್ನು ಹಾಗೇ ಎತ್ತಿಕೊಳ್ಳಲಿಲ್ಲ, ಅರ್ಥವನ್ನು ತಮ್ಮ ಭಾಷೆಗೆ ತಂದುಕೊಂಡರು. ಅರ್ಥ ಗೊತ್ತಿದ್ದವರು ಮಾತ್ರ ಹಾಗೆ ಮಾಡಲು ಸಾಧ್ಯ. ಶಬ್ದದ ಗೊಂದಲ ಅಷ್ಟೇ ಆಗಿದ್ದಿದ್ದರೆ ಜರ್ಮನ್ನರು ಹಡಗನ್ನು ಎಲ್ಲಿಂದ ತರುತ್ತಿದ್ದರು?

ಫಿಲೋಮಿನಾ ಚರ್ಚ್‌ನ ವಿಷಯ ಬಂದರೆ ಎಲ್ಲರೂ ಹೇಳುವುದು ಅದು ಜರ್ಮನಿಯ ಕಲೋನ್ ಕೆಥೆಡ್ರಲ್ ಮಾದರಿಯದ್ದು ಅಂತ. ಆ ಕಲೋನ್ ಕೆಥೆಡ್ರಲ್ಲಿನ ನೇವ್ ಭಾಗದಲ್ಲಿ ನಡುವೆ ಒಂದು ಹಜಾರ, ಆ ಕಡೆ ಈ ಕಡೆ ಎರಡೆರಡು ಓಣಿ, ಒಟ್ಟು ಐದು. ಜರ್ಮನ್ನರು ಅದನ್ನು ಐದು ಹಡಗಿನ ಚರ್ಚ್ ಅನ್ನುತ್ತಾರೆ. 1248ರಲ್ಲಿ ಶುರುವಾಗಿ, ನಡುವೆ ಕೆಲಸ ನಿಂತೇಹೋಗಿ, 1880ರಲ್ಲಿ ಮುಗಿದ ಕಟ್ಟಡ ಅದು. ನಮ್ಮದು ಪರವಾಗಿಲ್ಲ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು, ಅದರ ಮುಂದೆ ನೋಡಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು.

ಡೆನ್ಮಾರ್ಕ್‌ನದು ಇನ್ನೂ ಚೆನ್ನಾಗಿದೆ. ಡ್ಯಾನಿಷ್‌ನಲ್ಲಿ ಚರ್ಚ್‌ಹಡಗು ಅನ್ನುವ ಪದಕ್ಕೆ ಎರಡು ಅರ್ಥ. ಒಂದು, ನೇವ್. ಇನ್ನೊಂದು, ನೇವ್‌ನ ಚಾವಣಿಯಿಂದ ಇಳಿಬಿಟ್ಟಿರುವ ಹಡಗಿನ ಮಾದರಿ. ಅಲ್ಲಿನ ಸಮುದ್ರದ ಕಡೆಯ ಚರ್ಚ್‌ಗಳಲ್ಲಿ ತಲೆ ಎತ್ತಿದರೆ ಹಾಯಿ, ಹಗ್ಗ, ಪಟಸ್ತಂಭ ಎಲ್ಲ ಇರುವ ಪುಟ್ಟ ಹಡಗೊಂದು ದಾರದಲ್ಲಿ ಮೆಲ್ಲಗೆ ತೂಗುತ್ತಿರುತ್ತದೆ. ನಾವಿಕರು ಹರಕೆ ಒಪ್ಪಿಸಿದ್ದು. ನಮ್ಮಲ್ಲಿ ತೊಟ್ಟಿಲು ಕಟ್ಟುವುದಿಲ್ವಾ, ಹಾಗೆ.

ಹಳೆಯ ಬರಹದಲ್ಲಿ ಸಾಕ್ಷಿ ಹುಡುಕಿ

ಚರ್ಚ್ ಒಂದು ಹಡಗು ಅನ್ನುವ ಮಾತು ಕಟ್ಟಡದ ಹೆಸರಿಗಿಂತ ಹಳೆಯದು. ಸುಮಾರು 200ನೇ ಇಸವಿಯಲ್ಲಿ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಟೆರ್ಟುಲಿಯನ್ ದೀಕ್ಷಾಸ್ನಾನದ ಬಗ್ಗೆ ಬರೆಯುವಾಗ, ಬಿರುಗಾಳಿಯಲ್ಲಿ ಯೇಸುವಿನ ಶಿಷ್ಯರು ಇದ್ದ ದೋಣಿ ಸಭೆಯ ಸಂಕೇತ ಅನ್ನುತ್ತಾನೆ. ಇಲ್ಲಿ ಸಭೆ ಅಂದರೆ ಜನ, ಕಟ್ಟಡ ಅಲ್ಲ. ಪ್ರಳಯದಲ್ಲಿ ನೋಹನ ಮನೆಯವರನ್ನು ಉಳಿಸಿದ ನಾವೆಯನ್ನು ದೀಕ್ಷಾಸ್ನಾನಕ್ಕೆ ಹೋಲಿಸುವ ಮಾತು ಬೈಬಲ್ಲಿನ ಪೇತ್ರನ ಪತ್ರದಲ್ಲೇ ಇದೆ.

ಕಟ್ಟಡಕ್ಕೆ ಈ ಹೋಲಿಕೆ ಬಂದಿದ್ದಕ್ಕೆ ನನಗೆ ಇಷ್ಟವಾದ ಸಾಕ್ಷಿ 4ನೇ ಶತಮಾನದ ಕೊನೆಯಲ್ಲಿ ಸಿರಿಯಾ ಕಡೆ ಗ್ರೀಕ್‌ನಲ್ಲಿ ಬರೆದ, ಅಪೊಸ್ತಲರ ಕಟ್ಟಳೆಗಳು ಅಂತ ಹೆಸರಾದ ಒಂದು ನಿಯಮಗಳ ಸಂಗ್ರಹ. ಅದರ ಎರಡನೇ ಭಾಗದಲ್ಲಿ ಚರ್ಚ್ ಹೇಗಿರಬೇಕು ಅಂತ ಹೇಳಿದ್ದಾರೆ. ಕಟ್ಟಡ ಉದ್ದಕ್ಕೆ ಇರಲಿ, ತಲೆ ಪೂರ್ವಕ್ಕೆ ಇರಲಿ, ಆಗ ಅದು ಹಡಗಿನ ಹಾಗಿರುತ್ತದೆ ಅನ್ನುತ್ತದೆ ಅದು. ಅಷ್ಟಕ್ಕೇ ಬಿಡುವುದಿಲ್ಲ. ಬಿಷಪ್ ದೊಡ್ಡ ಹಡಗಿನ ಕಪ್ತಾನ. ಅವನ ಸಹಾಯಕರಾದ ಡೀಕನ್‌ಗಳು ಹಡಗಿನ ಆಳುಗಳು, ಅವರು ಪ್ರಯಾಣಿಕರಿಗೆ ಮಾಡುವ ಹಾಗೆ ಬಂದವರಿಗೆ ಜಾಗ ತೋರಿಸಬೇಕು. ಗಂಡಸರ ಬಾಗಿಲಲ್ಲಿ ಕಾವಲಿನವರು, ಹೆಂಗಸರ ಬಾಗಿಲಲ್ಲಿ ಮಹಿಳಾ ಡೀಕನ್‌ಗಳು ನಿಂತು ಹತ್ತುವವರನ್ನು ನೋಡಿಕೊಳ್ಳಬೇಕು. ಯಾರಾದರೂ ತಮ್ಮದಲ್ಲದ ಜಾಗದಲ್ಲಿ ಕೂತಿದ್ದರೆ ಡೀಕನ್ ಗದರಿ ಎಬ್ಬಿಸಿ ಅವರ ಜಾಗಕ್ಕೆ ಕಳಿಸಬೇಕು. ಓದುತ್ತಿದ್ದರೆ ನನಗೆ ನಮ್ಮ ಕೆಂಪು ಬಸ್ಸಿನ ಕಂಡಕ್ಟರೇ ಕಣ್ಣ ಮುಂದೆ ಬರುತ್ತಾರೆ. "ರೀ, ಅದು ಲೇಡೀಸ್ ಸೀಟು, ಏಳಿ."

ಇಲ್ಲಿ ಒಂದು ಎಚ್ಚರಿಕೆ. ಈ ಬರಹ ಇಡೀ ಚರ್ಚನ್ನು ಹಡಗಿಗೆ ಹೋಲಿಸುತ್ತದೆ, ನಡುವಿನ ಹಜಾರಕ್ಕೆ ಮಾತ್ರ ಹಡಗು ಅಂತ ಹೆಸರಿಡುವುದಿಲ್ಲ. ಹೋಲಿಕೆ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ, ಹೆಸರು ಇತ್ತು ಅನ್ನುವುದಕ್ಕಲ್ಲ. ಎರಡನ್ನೂ ಬೆರೆಸಿ, ನೇವ್ ಅನ್ನುವ ಪದ 4ನೇ ಶತಮಾನದಿಂದಲೂ ಇದೆ ಅಂತ ಬರೆದುಬಿಟ್ಟರೆ ಮತ್ತೆ ಸಿಕ್ಕಿಬೀಳುತ್ತೀರಿ. ಆದರೆ ಮುಂದೆ ಪ್ರಯಾಣಿಕರು ಕೂರುವ ಭಾಗಕ್ಕೇ ಹಡಗಿನ ಹೆಸರು ಯಾಕೆ ನಿಂತಿತು ಅನ್ನುವುದು ಇದನ್ನು ಓದಿದ ಮೇಲೆ ನನಗಂತೂ ಸಹಜ ಅನಿಸುತ್ತದೆ. ನೇವ್ ಜನರ ಜಾಗ ಅಂತ ಆಗಲೇ ಹೇಳಿದೆನಲ್ಲ.

ಚೆಂದದ ಕಥೆಗಳನ್ನು ಹೇಗೆ ತೂಗುವುದು

ನೇವ್ ಬಗ್ಗೆ ವಿಚಾರಿಸಿದರೆ ಬೇಗ ಸಿಗುವ ಕಥೆ ಮಗುಚಿದ ದೋಣಿಯದ್ದು. ಚಾವಣಿಯ ಮರದ ಪಕ್ಕೆಲುಬುಗಳನ್ನು ಕೆಳಗಿಂದ ನೋಡಿದರೆ ದೋಣಿಯನ್ನು ಬೋರಲು ಹಾಕಿದ ಹಾಗೆ ಕಾಣುತ್ತದೆ, ಅದಕ್ಕೇ ನೇವ್ ಅಂತ ಹೆಸರು ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಕೆಲವು ಕಡೆ ಅಕ್ಷರಶಃ ನಿಜವೂ ಹೌದು. ಫ್ರಾನ್ಸಿನ ನಾರ್ಮಂಡಿಯ ಓನ್‌ಫ್ಲರ್ ಅನ್ನುವ ಬಂದರಿನಲ್ಲಿ ಸಂತ ಕ್ಯಾಥರೀನ್ ಚರ್ಚ್ ಇದೆ. ಇಂಗ್ಲೆಂಡಿನ ಜೊತೆ ನೂರು ವರ್ಷದ ಯುದ್ಧ ಮುಗಿದ ಮೇಲೆ, 15ನೇ ಶತಮಾನದಲ್ಲಿ, ಹಡಗು ಕಟ್ಟುವ ಬಡಗಿಗಳೇ ಅದನ್ನು ಓಕ್ ಮರದಲ್ಲಿ ಕಟ್ಟಿದರು. ಅದಕ್ಕೆ ಪಕ್ಕಪಕ್ಕದಲ್ಲಿ ಎರಡು ನೇವ್, ಎರಡೂ ಬೋರಲು ಹಾಕಿದ ಹಡಗಿನ ಹಾಗೆಯೇ ಇವೆ. ವೆನಿಸ್‌ನ ಸಾಂತೊ ಸ್ತೆಫಾನೊ ಚರ್ಚಿನ ಮರದ ಚಾವಣಿಗೆ ಹಡಗಿನ ತಳ ಅನ್ನುವ ಅರ್ಥದ ಹೆಸರೇ ಇದೆ.

ಆದರೆ ಕಥೆ ತೂಗುವಾಗ ತಾರೀಕು ನೋಡಿ. ಚರ್ಚನ್ನು ಹಡಗಿಗೆ ಹೋಲಿಸಿದ್ದು 4ನೇ ಶತಮಾನಕ್ಕಿಂತ ಈಚೆ ಅಲ್ಲ. ಈ ಚಾವಣಿಗಳು ಬಂದಿದ್ದು ಅದಾದ ಸಾವಿರ ವರ್ಷಕ್ಕೆ. ಮಗ ಹುಟ್ಟಿದ ಮೇಲೆ ಅಪ್ಪ ಹುಟ್ಟಲು ಆಗುವುದಿಲ್ಲ. ಚಾವಣಿ ನೋಡಿದ ಜನರಿಗೆ ಹಡಗಿನ ಹೆಸರು ಇನ್ನಷ್ಟು ಒಪ್ಪಿಗೆಯಾಗಿರಬಹುದು, ಅದು ಬೇರೆ ಮಾತು.

ಎರಡನೇ ಕಥೆ ಸ್ವಲ್ಪ ಗಟ್ಟಿಯಾದದ್ದು. ಗ್ರೀಕ್‌ನಲ್ಲಿ ನಾವೊಸ್ ಅಂದರೆ ದೇವಾಲಯ, ದೇವರು ನೆಲೆಸುವ ಒಳಮನೆ. ಪೂರ್ವದ ಆರ್ಥೊಡಾಕ್ಸ್ ಚರ್ಚ್‌ಗಳಲ್ಲಿ ಜನ ಸೇರುವ ಮುಖ್ಯ ಭಾಗಕ್ಕೆ ಇಂದಿಗೂ ನಾವೊಸ್ ಅಂತಲೇ ಹೆಸರು. ಹಡಗಿಗೆ ಗ್ರೀಕ್‌ನಲ್ಲಿ ನೌಸ್. ಅಥೆನ್ಸಿನ ಕಡೆಯ ಗ್ರೀಕ್‌ನಲ್ಲಂತೂ ದೇವಾಲಯ ಅನ್ನುವ ಪದವೂ ಹಡಗಿನ ಅನ್ನುವ ಪದವೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ, ಎರಡೂ ನೆಓಸ್. ಹಾಗಾಗಿ ನೇವ್ ಹುಟ್ಟಿದ್ದು ಹಡಗಿನಿಂದ ಅಲ್ಲ, ದೇವಾಲಯದಿಂದ, ಕೇಳಿಸಿಕೊಂಡವರು ಹಡಗು ಅಂದುಕೊಂಡರು ಅನ್ನುವ ವಾದ ಇದೆ. ನಿಘಂಟು ಬರೆಯುವವರಲ್ಲಿ ಬಹುಪಾಲು ಜನ ಒಪ್ಪಿರುವುದು ಹಡಗನ್ನೇ. ನನಗೂ ಹಾಗೇ ಅನಿಸುತ್ತದೆ. ಹಡಗಿನ ಹೋಲಿಕೆ ಅಷ್ಟು ಮುಂಚೆಯೇ ಬರಹದಲ್ಲಿ ಕೂತಿರುವಾಗ ತಪ್ಪಾಗಿ ಕೇಳಿಸಿಕೊಂಡರು ಅನ್ನುವ ಕಥೆಯ ಅಗತ್ಯವೇ ಬೀಳುವುದಿಲ್ಲ.

ಈಗ ನಮ್ಮ ಕಡೆಯ ನೆಂಟರು

ನಾವೆ ಅನ್ನುವ ಕನ್ನಡ ಪದ ಸಂಸ್ಕೃತದ ನೌ ಕಡೆಯಿಂದ ಬಂದಿದ್ದು. ನಾವಿಕ, ನೌಕೆ, ನೌಕಾಪಡೆ ಎಲ್ಲ ಅದೇ ಮನೆಯವು. ಸಂಸ್ಕೃತದ ನೌ, ಗ್ರೀಕ್‌ನ ನೌಸ್, ಲ್ಯಾಟಿನ್‌ನ ನಾವಿಸ್ ಮೂರೂ ಅಣ್ಣತಮ್ಮಂದಿರು. ಒಬ್ಬರಿಂದ ಒಬ್ಬರು ಸಾಲ ತೆಗೆದುಕೊಂಡಿದ್ದಲ್ಲ, ಎಲ್ಲರಿಗೂ ಒಂದೇ ಅಜ್ಜಿಯಿಂದ ಬಂದ ಆಸ್ತಿ. ಋಗ್ವೇದದಲ್ಲೇ ನೌ ಇದೆ. ಹಾಗಾಗಿ ಇಟಲಿಯವರು ಚರ್ಚಿನಲ್ಲಿ ನಿಂತು ನಾವೆ ಅಂದರೂ, ಕನ್ನಡ ಬೈಬಲ್ ಓದುವವರು ನೋಹನ ನಾವೆ ಅಂದರೂ ಪದ ಒಂದೇ ಬಳ್ಳಿಯದ್ದು. ಹಡಗು, ದೋಣಿ, ತೆಪ್ಪ, ಹರಿಗೋಲು ಅಂತ ನಮ್ಮಲ್ಲಿ ಬೇರೆ ಪದಗಳೂ ಇವೆ, ಅವುಗಳಿಗೂ ನೇವ್‌ಗೂ ಸಂಬಂಧ ಇಲ್ಲ.

ಇಂಗ್ಲಿಷ್‌ನ ನೇವಿ ಇದೇ ಮನೆಯದ್ದು ಅಂತ ಯಾರಾದರೂ ಊಹಿಸಬಹುದು. ನಾಸಿಯಾ ಅನ್ನುವ ಪದ ಮಾತ್ರ ಸುಳಿವು ಕೊಡುವುದಿಲ್ಲ. ಡಾಕ್ಟರ್ ಚೀಟಿಯಲ್ಲಿ ವಾಕರಿಕೆಗೆ ಬರೆಯುತ್ತಾರಲ್ಲ, ಅದು. ಗ್ರೀಕರಿಗೆ ಅದು ಹಡಗು ಹತ್ತಿದಾಗ ಬರುವ ಹೊಟ್ಟೆ ತೊಳಸು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕಿಕೊಂಡು ಕೂರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನೆಂಟಸ್ತನ ಹೇಳುವ ಮುಂಚೆ ಶಬ್ದದ ಜೊತೆ ಅರ್ಥವೂ ಕೂಡಬೇಕು, ನಾನು ಎಡವಿದ್ದು ಇಲ್ಲೇ. ನವರಂಗದ ನವ ಅಂದರೆ ಒಂಬತ್ತು. ನಡುವಿನ ನಾಲ್ಕು ಕಂಬಗಳಿಂದ ಹಜಾರ ಒಂಬತ್ತು ಅಂಕಣಗಳಾಗುತ್ತದೆ, ಬೇಲೂರು ಹಳೇಬೀಡಿನ ಕಡೆ ಯಾವುದಾದರೂ ಚಿಕ್ಕ ಹೊಯ್ಸಳ ಗುಡಿಯಲ್ಲಿ ನಿಂತು ಚಾವಣಿ ನೋಡಿದರೆ ಎಣಿಸಬಹುದು. ಅದರಲ್ಲಿ ಹಡಗಿನ ಸುಳಿವೇ ಇಲ್ಲ. ಆ ನವಕ್ಕೂ ಲ್ಯಾಟಿನ್‌ನಲ್ಲಿ ನೆಂಟ ಇದ್ದಾನೆ, ಅವನು ನೊವೆಮ್. ಕ್ಯಾಲೆಂಡರಿನಲ್ಲಿ ನವೆಂಬರ್ ಆಗಿ ಕೂತಿದ್ದಾನೆ. ರೋಮನ್ನರ ಹಳೆಯ ಪಂಚಾಂಗದಲ್ಲಿ ಅದು ಒಂಬತ್ತನೇ ತಿಂಗಳು. ಅಂದರೆ ನವರಂಗದ ನೆಂಟ ನವೆಂಬರ್, ನಾವೆಯ ನೆಂಟ ನೇವ್. ಇದನ್ನು ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದೆ. "ಮೊದಲೇ ಓದಿಕೊಂಡು ಬರಬಾರದಿತ್ತಾ" ಅಂದಳು.

ಇನ್ನೊಂದು ಬಲೆ ಇದೆ. ಇಂಗ್ಲಿಷ್‌ನಲ್ಲಿ ಅದೇ ಕಾಗುಣಿತದ, ಅದೇ ಉಚ್ಚಾರದ ಇನ್ನೊಂದು ನೇವ್ ಇದೆ, ಅದಕ್ಕೆ ಗಾಡಿ ಚಕ್ರದ ಗುಂಬ ಅಂತ ಅರ್ಥ. ಅದು ಹಡಗಿನ ಮನೆಯದ್ದಲ್ಲ. ಅದು ಇಂಗ್ಲಿಷ್‌ನದೇ ಹಳೆಯ ಪದ, ಹೊಕ್ಕುಳು ಅನ್ನುವ ಅರ್ಥದ ನೇವೆಲ್‌ಗೆ ಹತ್ತಿರದ್ದು, ಸಂಸ್ಕೃತದಲ್ಲಿ ಅದರ ನೆಂಟ ನಾಭಿ. ಸಂಸ್ಕೃತದಲ್ಲೂ ನಾಭಿ ಅಂದರೆ ಹೊಕ್ಕುಳೂ ಹೌದು, ಚಕ್ರದ ಗುಂಬವೂ ಹೌದು. ಒಂದೇ ರೂಪದ ಎರಡು ಇಂಗ್ಲಿಷ್ ಪದ, ಒಂದರ ನೆಂಟ ನಾವೆ, ಇನ್ನೊಂದರ ನೆಂಟ ನಾಭಿ. ಚರ್ಚಿನ ನಡುಭಾಗ ಅಂದ ಕೂಡಲೇ ಹೊಕ್ಕುಳು ಇರಬೇಕು ಅಂತ ಯಾರಾದರೂ ನಿಮಗೆ ಹೇಳಿದರೆ ಒಪ್ಪಬೇಡಿ. ನಿಘಂಟಿನಲ್ಲಿ ಇಂಥ ಪದಗಳಿಗೆ ಒಂದು, ಎರಡು ಅಂತ ಬೇರೆ ಬೇರೆ ನಮೂದು ಇರುತ್ತದೆ. ಸರಿಯಾದ ನಮೂದು ನೋಡುತ್ತಿದ್ದೀರಾ ಅಂತ ಖಾತ್ರಿ ಮಾಡಿಕೊಳ್ಳಿ.

ಕನ್ನಡದ ಕಡೆಯ ಮೂಲ ನೋಡಲು ನಾನು ಕಿಟೆಲ್ ನಿಘಂಟು ತೆಗೆಯುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ತದ್ಭವ ಪದಗಳಿಗೆ ಅದರಲ್ಲಿ ಗುರುತು ಹಾಕಿರುತ್ತಾರೆ. ಚರ್ಚಿನ ಪದ ಹುಡುಕಲು ಬಾಸೆಲ್ ಮಿಷನ್ ಪಾದ್ರಿಯ ನಿಘಂಟೇ ಆಗಿಬರುತ್ತದೆ ಅನ್ನುವುದು ತಮಾಷೆ.

ಕೈ ಕುದುರಿತಾ? ಬೇರೆ ಪದಗಳನ್ನೂ ನೋಡಿ

ಐಲ್ ಬಂದಿದ್ದು ರೆಕ್ಕೆ ಅನ್ನುವ ಅರ್ಥದ ಲ್ಯಾಟಿನ್‌ನ ಆಲಾದಿಂದ, ಫ್ರೆಂಚ್ ಮೂಲಕ. ಹಕ್ಕಿಯ ಮೈಗೆ ಎರಡು ಕಡೆ ರೆಕ್ಕೆ ಇದ್ದ ಹಾಗೆ ನೇವ್‌ಗೆ ಎರಡು ಕಡೆ ಐಲ್. ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ಒಂದು ಎಸ್ ಕೂತಿದೆಯಲ್ಲ, ಯಾರೂ ಉಚ್ಚರಿಸದ ಎಸ್, ಅದು ದ್ವೀಪ ಅನ್ನುವ ಪದದ ಜೊತೆ ಗೊಂದಲವಾಗಿ ಬಂದು ಸೇರಿಕೊಂಡ ಬಿಟ್ಟಿ ಅಕ್ಷರ. ಮದುವೆಯಲ್ಲಿ ವಧು ಐಲ್‌ನಲ್ಲಿ ನಡೆದು ಬಂದಳು ಅನ್ನುತ್ತಾರೆ. ಕಟ್ಟಡದ ಲೆಕ್ಕದಲ್ಲಿ ಅವಳು ನಡೆದಿದ್ದು ನೇವ್‌ನ ನಡುವೆ, ಬೆಂಚುಗಳ ಮಧ್ಯದ ದಾರಿಯಲ್ಲಿ. ಮದುವೆ ಮನೆಯಲ್ಲಿ ಇದನ್ನು ತಿದ್ದಲು ಹೋಗಬೇಡಿ, ಊಟ ಸಿಗುವುದಿಲ್ಲ.

ಚಾನ್ಸೆಲ್ ನನ್ನ ಮೆಚ್ಚಿನದು. ಲ್ಯಾಟಿನ್‌ನಲ್ಲಿ ಕಾನ್ಸೆಲ್ಲಿ ಅಂದರೆ ಜಾಲಂಧ್ರ, ಅಡ್ಡ ಉದ್ದ ಪಟ್ಟಿ ಬಡಿದ ಜಾಲರಿ. ಜನರ ಜಾಗಕ್ಕೂ ಪಾದ್ರಿಯ ಜಾಗಕ್ಕೂ ನಡುವೆ ಅಂಥ ಜಾಲರಿ ಇರುತ್ತಿತ್ತು, ಅದರ ಹೆಸರೇ ಅದರ ಹಿಂದಿನ ಜಾಗಕ್ಕೂ ಬಂತು. ರೋಮನ್ ಕೋರ್ಟಿನಲ್ಲಿ ಆ ಜಾಲರಿಯ ಹತ್ತಿರ ನಿಲ್ಲುತ್ತಿದ್ದ ಬಾಗಿಲ ಕಾವಲಿನವನ ಹೆಸರು ಬೆಳೆದು ಬೆಳೆದು ಚಾನ್ಸಲರ್ ಆಯಿತು. ನಮ್ಮ ವಿಶ್ವವಿದ್ಯಾಲಯಗಳ ಕುಲಾಧಿಪತಿಗಳ ಪೂರ್ವಜ ಒಬ್ಬ ಗೇಟ್‌ಕೀಪರ್! ಬರೆದಿದ್ದರ ಮೇಲೆ ಜಾಲರಿಯ ಹಾಗೆ ಅಡ್ಡಡ್ಡ ಗೆರೆ ಎಳೆದು ಹೊಡೆದು ಹಾಕುವುದಕ್ಕೂ ಅದೇ ಪದ ಬಂತು, ಅದೇ ಕ್ಯಾನ್ಸಲ್. ಬಸ್ಸು ಕ್ಯಾನ್ಸಲ್ ಆಯ್ತು, ಮೀಟಿಂಗ್ ಕ್ಯಾನ್ಸಲ್ ಆಯ್ತು ಅಂತ ದಿನಕ್ಕೆ ನಾಲ್ಕು ಸಲ ಹೇಳುವಾಗ ನಾವು ಚರ್ಚಿನ ಜಾಲರಿಯನ್ನೇ ನೆನೆಯುತ್ತಿದ್ದೇವೆ.

ನಾರ್ಥೆಕ್ಸ್ ಅಂದರೆ ಗ್ರೀಕ್‌ನಲ್ಲಿ ಒಂದು ಜಾತಿಯ ದೈತ್ಯ ಸೋಂಪಿನ ಗಿಡ. ಬಸಿಲಿಕಾ ಅಂದರೆ ರಾಜನದ್ದು. ಇವನ್ನು ನೀವೇ ಬಿಡಿಸಿ ನೋಡಿ.

ಕೊನೆಗೆ ಕಾಲಲ್ಲಿ ನಡೆದು ನೋಡಿ

ನೇವ್ ಇಲ್ಲದಿದ್ದರೆ ಚರ್ಚ್ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಫ್ರಾನ್ಸಿನ ಬೋವೆ ಕೆಥೆಡ್ರಲ್ ಚಿತ್ರ ನೋಡಿ. ಎಲ್ಲರಿಗಿಂತ ಎತ್ತರ ಕಟ್ಟುತ್ತೇವೆ ಅಂತ ಹೊರಟವರು ಅವರು. ಬಲಿಪೀಠದ ಕಡೆಯಿಂದ ಶುರು ಮಾಡಿ ಕಮಾನು ಚಾವಣಿಯನ್ನು 48 ಮೀಟರ್‌ವರೆಗೆ ಎತ್ತಿದರು. 1284ರಲ್ಲಿ ಅದರಲ್ಲಿ ಒಂದು ಭಾಗ ಕುಸಿಯಿತು. ರಿಪೇರಿ ಮಾಡಿದರು. ನೇವ್ ಕಟ್ಟಲು ದುಡ್ಡು ಇಡುವ ಬದಲು 150 ಮೀಟರಿಗೂ ಜಾಸ್ತಿ ಎತ್ತರದ ಗೋಪುರ ಏರಿಸಿದರು, ಅದು 1573ರಲ್ಲಿ ಬಿತ್ತು. ನೇವ್ ಕಟ್ಟಲು ಆಗಲೇ ಇಲ್ಲ. ಇಂದಿಗೂ ಆ ಕಡೆ ದಿಢೀರನೆ ಗೋಡೆ, ಅದರ ಮಗ್ಗುಲಲ್ಲಿ 10ನೇ ಶತಮಾನದ ಪುಟ್ಟ ಹಳೆಯ ಚರ್ಚಿನ ನೇವ್ ಕುಳ್ಳಗೆ ನಿಂತಿದೆ. ಕಪ್ತಾನನಿಗೆ ಅರಮನೆಯಂಥ ಕೋಣೆ, ಪ್ರಯಾಣಿಕರಿಗೆ ಜಾಗವೇ ಇಲ್ಲ.

ನಮಗೆ ಹತ್ತಿರದಲ್ಲಿ ನೋಡಲು ಹಾಸನದ ಗೊರೂರಿನ ಬಳಿ ಶೆಟ್ಟಿಹಳ್ಳಿ ಇದೆ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ರೋಸರಿ ಚರ್ಚ್. ಹೇಮಾವತಿ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಚರ್ಚ್ ಹಿನ್ನೀರಿನಲ್ಲಿ ಉಳಿಯಿತು. ಚಾವಣಿ ಹೋಗಿದೆ, ಬೆಂಚಿಲ್ಲ, ಬಲಿಪೀಠ ಇಲ್ಲ. ನೇವ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಯಾಕೆಂದರೆ ಅಲ್ಲಿ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ, ಬರೀ ಗೋಡೆ, ಕಮಾನು, ನಡುವಿನ ಉದ್ದ ಅಷ್ಟೇ. ಬೇಸಿಗೆಯಲ್ಲಿ ಹೋದರೆ ನೆಲ ಒಣಗಿರುತ್ತದೆ, ಬಾಗಿಲ ಕಡೆಯಿಂದ ಬಲಿಪೀಠದ ಕಡೆಗೆ ಮೇಲೆ ಹೇಳಿದ ಕ್ರಮದಲ್ಲೇ ನಡೆದು ಗುರುತಿಸಬಹುದು. ಗೋಡೆಗಳು ಶಿಥಿಲವಾಗಿವೆ, ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಹತ್ತಲಂತೂ ಹೋಗಲೇಬೇಡಿ. ಮಳೆಗಾಲ ಕಳೆಯುವ ಹೊತ್ತಿಗೆ ಹೋದರೆ ಒಳಗೆ ಕಾಲಿಡಲು ಆಗುವುದಿಲ್ಲ, ದಡದಲ್ಲೇ ನಿಲ್ಲಬೇಕು. ಜನ ಕೂರುತ್ತಿದ್ದ ಜಾಗದ ತುಂಬ ನೀರು ಇರುತ್ತದೆ, ಗೋಡೆಗಳ ಮೇಲಿನ ಭಾಗ ಮಾತ್ರ ಹೊರಗೆ ಕಾಣುತ್ತಿರುತ್ತದೆ, ದೂರದಿಂದ ನೋಡಿದರೆ ಲಂಗರು ಹಾಕಿ ನಿಲ್ಲಿಸಿದ ನಾವೆಯ ಹಾಗೆ.